ಮಣ್ಣಿನ ಮಾಳಿಗೆ, ಸುಣ್ಣದ ಗಾರೆ

ಮನೆ ಕಟ್ಟುವುದು ಒಂದು ವಿದ್ಯೆ. ಕಟ್ಟಿದ ಮನೆಯನ್ನು ಉಳಿಸಿಕೊಂಡು ಬರುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಕಲಿಸುವುದಕ್ಕೆ ಕಾಲೇಜುಗಳಿವೆ, ಗ್ರಂಥಗಳಿವೆ. ಎರಡನೆಯದು ಬಹುಮಟ್ಟಿಗೆ ಗೌಂಡಿಗಳ ಕೈಯಲ್ಲಿ, ಬಡಿಗರ ಕಣ್ಣಿನಲ್ಲಿ, ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದುಬಂದಿತ್ತು. ಆ ಕೈಗಳು ವಿರಳವಾದಂತೆ ಹಳೆಯ ಮನೆಗಳೂ ಒಂದೊಂದಾಗಿ ಬೀಳುತ್ತಿವೆ. ಕೆಲವು ಅಲಕ್ಷ್ಯದಿಂದ ಬೀಳುತ್ತವೆ. ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಕೆಲವು ಪ್ರೀತಿಯಿಂದ ಮಾಡಿಸಿದ ದುರಸ್ತಿಯಿಂದಲೇ ಬೀಳುತ್ತವೆ. ಹೀಗೇಕಾಗುತ್ತದೆ? ಭೌತವಿಜ್ಞಾನದ ಕೆಲವು ಸರಳ ನಿಯಮಗಳನ್ನು ಬಲ್ಲವರಿಗೆ ಈ ಪ್ರಶ್ನೆಯ ಉತ್ತರ ಕಷ್ಟವಾದುದಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ಊರುಗಳ ಹಳೆಯ ಓಣಿಗಳಲ್ಲಿ ನಡೆದರೆ ಇಂದಿಗೂ ಅಲ್ಲಲ್ಲಿ ಒಂದೇ ಬಗೆಯ ಮನೆಗಳು ಕಾಣಸಿಗುತ್ತವೆ. ಬೀದಿಯ ಕಡೆಗೆ ಕಲ್ಲಿನ ಕಟ್ಟೆ. ಮೊಳ ದಪ್ಪಕ್ಕೂ ಮಿಕ್ಕಿದ ಗೋಡೆ. ಬಳ್ಳಿ, ಹೂವು, ಪಕ್ಷಿಗಳನ್ನು ಕೆತ್ತಿದ ತಲೆಬಾಗಿಲಿನ ಚೌಕಟ್ಟು. ಒಳಗೆ ಬೋದಿಗೆಗಳನ್ನು ಹೊತ್ತ ಕಂಬಗಳ ಪಡಸಾಲೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣಿನ ಸಮತಟ್ಟಾದ ಮಾಳಿಗೆ. ಮಾಳಿಗೆಯ ನಡುವೆ ಬೆಳಕು ಬೀಳಲು, ಹೊಗೆ ಹೋಗಲು ಒಂದು ಬೆಳಕಿಂಡಿ. ಮನೆಯ ಅಳತೆಯನ್ನು ಹೇಳುವಾಗಲೂ ಜನರು ಅಡಿ ಗಜಗಳ ಲೆಕ್ಕ ಹೇಳುತ್ತಿರಲಿಲ್ಲ. ‘ಎಂಟು ಅಂಕಣದ ಮನೆ’, ‘ಹನ್ನೆರಡು ಅಂಕಣದ ಮನೆ’ ಎನ್ನುತ್ತಿದ್ದರು. ನಾಲ್ಕು ಕಂಬಗಳ ನಡುವಣ ಜಾಗವೇ ಒಂದು ಅಂಕಣ.

ನೆಲವೇ ಒದಗಿಸಿದ ಸಾಮಗ್ರಿ

ಈ ಮನೆಗಳ ಸಾಮಗ್ರಿಯಲ್ಲಿ ಬಹುಭಾಗವನ್ನು ದೂರದಿಂದ ತರಬೇಕಾಗಿರಲಿಲ್ಲ. ಬಾದಾಮಿಯ ಸುತ್ತಮುತ್ತ ಕೆಂಪು ಮರಳುಗಲ್ಲಿನ ಬೆಟ್ಟಗಳಿವೆ. ಚಾಲುಕ್ಯರ ಶಿಲ್ಪಿಗಳು ಕ್ರಿ. ಶ. ೫೭೮ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ಊರಿನ ಸಾಮಾನ್ಯನು ತನ್ನ ಗೋಡೆಯನ್ನು ಕಟ್ಟಿಕೊಂಡದ್ದೂ ಇದೇ ಕಲ್ಲಿನಿಂದ. ಇಳಕಲ್ಲಿನ ನೆಲದಲ್ಲಿ ನಸುಗೆಂಪು ಬಣ್ಣದ ಗ್ರಾನೈಟ್ ಶಿಲೆ ದೊರೆಯುತ್ತದೆ. ಬಾಗಲಕೋಟೆ, ಕಲಾದಗಿಗಳ ಕಡೆಗೆ ಸುಣ್ಣದಕಲ್ಲಿನ ಹಾಸುಗಳಿವೆ. ಇಂದು ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಈ ಕಲ್ಲೇ ಹಿಂದೆ ಸುಣ್ಣದ ಭಟ್ಟಿಗಳಿಗೆ ಹೋಗುತ್ತಿತ್ತು.

ಈ ಪದಾರ್ಥಗಳನ್ನು ಜೋಡಿಸಿದ ಕ್ರಮದಲ್ಲಿ ಒಂದು ವಿವೇಕವಿದೆ. ಮನೆಯಲ್ಲಿ ಕೆಲವು ಭಾಗಗಳು ಬಹುಕಾಲ ಬಾಳತಕ್ಕವು: ಕಂಬ, ತೊಲೆ, ಕೆತ್ತನೆಯ ಬಾಗಿಲು, ಗೋಡೆಯ ಕಲ್ಲು. ಇನ್ನು ಕೆಲವು ಸವೆಯತಕ್ಕವು: ಮಾಳಿಗೆಯ ಮೇಲ್ಮಣ್ಣು, ಗೋಡೆಯ ಗಿಲಾವು, ಕಲ್ಲಿನ ಸಂದುಗಳ ಗಾರೆ, ವರ್ಷವರ್ಷವೂ ಬಳಿಯುವ ಸುಣ್ಣ. ಬಿಸಿಲು, ಮಳೆ, ಉಪ್ಪುಗಳ ಹೊಡೆತವನ್ನು ಅಗ್ಗವಾದ ಪದಾರ್ಥವು ತಾನು ತಿಂದು, ಬೆಲೆಯುಳ್ಳದ್ದನ್ನು ಕಾಯುತ್ತದೆ. ಸವೆದುದನ್ನು ಮತ್ತೆ ತುಂಬಿದರೆ ಮನೆ ಮೊದಲಿನಂತೆಯೇ. ಹಳೆಯ ಮನೆಯ ರಕ್ಷಣೆಯ ಗುಟ್ಟೆಲ್ಲ ಇಷ್ಟರಲ್ಲಿಯೇ ಅಡಗಿದೆ; ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಬಿಸಿಲಿನ ಅಲೆ

ಮೊದಲು ಮಾಳಿಗೆಯನ್ನು ನೋಡೋಣ. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಬಿಸಿಲಿನಿಂದ ಕಾದ ಮೇಲ್ಮೈಯಿಂದ ಶಾಖವು ಒಂದು ಅಲೆಯಂತೆ ಒಳಕ್ಕಿಳಿಯುತ್ತದೆ. ಇಳಿಯುತ್ತ ಹೋದಂತೆ ಅಲೆಯ ಎತ್ತರ ಕುಗ್ಗುತ್ತದೆ. ಅದು ತಲುಪುವ ವೇಳೆಯೂ ತಡವಾಗುತ್ತದೆ. ಒಣಮಣ್ಣಿನಲ್ಲಿ ಸುಮಾರು ೧೩ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಏರಿಳಿತವು ಮೂರನೆಯ ಒಂದು ಪಾಲಿಗೆ ಇಳಿದು, ನಾಲ್ಕು ಗಂಟೆಯಷ್ಟು ತಡವಾಗುತ್ತದೆಂದು ಲೆಕ್ಕ ಹಾಕಬಹುದು. ಮಾಳಿಗೆ ೩೦ ಸೆಂಟಿಮೀಟರ್ ದಪ್ಪವಿದ್ದರೆ ಒಳಗೆ ಬರುವ ಏರಿಳಿತ ಹೊರಗಿನದರ ಹತ್ತನೆಯ ಒಂದು ಪಾಲು; ತಡ ಸುಮಾರು ೯ ಗಂಟೆ. ೧೦ ಸೆಂಟಿಮೀಟರಿನ ಕಾಂಕ್ರೀಟು ಚಪ್ಪಡಿಯಲ್ಲಾದರೋ ಅರ್ಧದಷ್ಟು ಏರಿಳಿತ ಮೂರು ಗಂಟೆಯೊಳಗಾಗಿ ಕೆಳಗೆ ಬಂದುಬಿಡುತ್ತದೆ. ಮಣ್ಣಿನ ಹದಕ್ಕೂ ತೇವಕ್ಕೂ ತಕ್ಕಂತೆ ಈ ಅಂಕೆಗಳು ಹೆಚ್ಚುಕಡಮೆಯಾಗುವುದುಂಟು. ಆದರೆ ಅಂತರ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಮಣ್ಣಿನ ಮಾಳಿಗೆಯನ್ನು ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ. ಆಗ ಮನೆಯವರು ಎಲ್ಲಿರುತ್ತಾರೆ? ಬೇಸಗೆಯಲ್ಲಿ ಅವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ತಣ್ಣನೆಯ ಗಾಳಿಯಲ್ಲಿ ಮಲಗಿರುತ್ತಾರೆ! ಕಟ್ಟಡದ ಗುಣಕ್ಕೂ ಜನರ ರೂಢಿಗೂ ಇರುವ ಈ ಹೊಂದಿಕೆಯನ್ನು ಗಮನಿಸಬೇಕು. ಮಾಳಿಗೆಯನ್ನು ಕಿತ್ತು ತೆಳ್ಳನೆಯ ಚಪ್ಪಡಿ ಹಾಕಿದಾಗ ಕಳೆದುಹೋಗುವುದು ಬರಿಯ ಮಣ್ಣಲ್ಲ.

ಮಾಳಿಗೆಯ ಭಾರ

ಹಾಗೆಂದು ಮಣ್ಣಿನ ಮಾಳಿಗೆಯನ್ನು ಕೇವಲ ಹೊಗಳಿ ಸುಮ್ಮನಾಗುವಂತಿಲ್ಲ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಸುರಿದ ಮಳೆಗೆ ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. ಮಲಗಿದ್ದವರ ಮೇಲೆಯೇ ಬಿದ್ದ ಗೋಡೆ ಮಾಳಿಗೆಗಳುಂಟು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿದಾಗ ದಂಡೆಯ ಹಳ್ಳಿಗಳ ಮನೆಗಳೂ ನೆನೆದು ಉರುಳಿದವು. ಮನೆಯ ಅಭಿಮಾನಕ್ಕಾಗಿ ಜೀವವನ್ನು ಪಣವಾಗಿಡುವುದು ಯುಕ್ತವಲ್ಲ. ಆದುದರಿಂದ ಮಾಳಿಗೆ ಏಕೆ ಬೀಳುತ್ತದೆಂಬುದನ್ನು ತಿಳಿಯುವುದು ಅಗತ್ಯ.

ಎಂಟು ಅಡಿ ಚೌಕದ, ಎಂದರೆ ಸುಮಾರು ೨.೪ ಮೀಟರ್ ಚೌಕದ ಒಂದು ಅಂಕಣವನ್ನು ತೆಗೆದುಕೊಳ್ಳೋಣ. ಒಂದು ಘನಮೀಟರ್ ಒಣಮಣ್ಣಿನ ತೂಕ ೧,೬೦೦ ಕಿಲೋಗ್ರಾಂ ಎಂದು ಹಿಡಿದರೆ, ೩೦ ಸೆಂಟಿಮೀಟರ್ ದಪ್ಪದ ಮಾಳಿಗೆ ಆ ಅಂಕಣದ ಮೇಲೆ ಎರಡೂಮುಕ್ಕಾಲು ಟನ್ ಭಾರ ಹೇರುತ್ತದೆ. ಇದನ್ನು ಹೊರುವುದಕ್ಕೆಂದೇ ಬಡಿಗನು ತೊಲೆಗಳನ್ನು ಆರಿಸಿರುತ್ತಾನೆ. ಆದರೆ ಸೋರಿತೆಂದು ವರ್ಷಕ್ಕೆ ಕೇವಲ ೨ ಸೆಂಟಿಮೀಟರ್ ಹೊಸಮಣ್ಣನ್ನು ಹಳೆಯದರ ಮೇಲೆಯೇ ಹಾಕುತ್ತ ಬಂದರೆ, ಹತ್ತು ವರ್ಷಗಳಲ್ಲಿ ೨೦ ಸೆಂಟಿಮೀಟರ್ ಆಯಿತು; ಮಳೆಗೆ ಕೊಚ್ಚಿಹೋಗುವ ಅಲ್ಪಸ್ವಲ್ಪವನ್ನು ಬಿಟ್ಟರೆ ಭಾರ ನಾಲ್ಕೂವರೆ ಟನ್ನಿಗೇರಿತು. ಈ ಮಣ್ಣು ತೂಕದ ಹತ್ತನೆಯ ಒಂದು ಪಾಲು ನೀರನ್ನು ಹೀರಿದರೆ ಐದು ಟನ್ನು! ಬಿಡದೆ ಮಳೆ ಹಿಡಿದ ರಾತ್ರಿಯಲ್ಲಿಯೇ ಮಾಳಿಗೆ ಬೀಳುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ತೊಲೆಯಲ್ಲಿಯೇ ಇದೆ. ತೊಲೆಯ ಬಲವು ಅದರ ಎತ್ತರದ ವರ್ಗಕ್ಕೂ, ಬಾಗದೆ ನಿಲ್ಲುವ ಗುಣವು ಎತ್ತರದ ಘನಕ್ಕೂ ಅನುಪಾತದಲ್ಲಿರುತ್ತದೆ. ೨೦ ಸೆಂಟಿಮೀಟರ್ ಎತ್ತರದ ತೊಲೆಯನ್ನು ಗೆದ್ದಲೂ ಕೊಳೆತವೂ ತಿಂದು ೧೬ ಸೆಂಟಿಮೀಟರಿಗೆ ಇಳಿಸಿದರೆ ಉಳಿಯುವ ಬಲ ಶೇಕಡಾ ೬೪. ಬಾಗದೆ ನಿಲ್ಲುವ ಗುಣ ಶೇಕಡಾ ೫೧. ಹೊರನೋಟಕ್ಕೆ ಸ್ವಲ್ಪವೇ ಸವೆದಂತೆ ತೋರುವ ತೊಲೆ ಅರ್ಧ ಸತ್ತಿರುತ್ತದೆ. ಈ ಸವೆತ ಮೊದಲು ಆರಂಭವಾಗುವುದು ಗೋಡೆಯೊಳಗೆ ಹೂತ ತೊಲೆಯ ತುದಿಯಲ್ಲಿ, ಎಂದರೆ ಯಾರ ಕಣ್ಣಿಗೂ ಬೀಳದ ಸ್ಥಳದಲ್ಲಿ.

ಆದುದರಿಂದ ಮಾಳಿಗೆಯ ಆರೈಕೆಯ ಮೊದಲ ನಿಯಮ: ಹೊಸಮಣ್ಣು ಹಾಕುವ ಮೊದಲು ಹಳೆಯ ಪದರವನ್ನು ಅಷ್ಟೇ ಕೆರೆದು ತೆಗೆಯಬೇಕು. ಎರಡನೆಯದು: ಮೇಲ್ಮೈಯ ಇಳಿಜಾರು ದೋಣಿಯ ಕಡೆಗಿರಬೇಕು, ದೋಣಿಯ ಬಾಯಿ ತೆರೆದಿರಬೇಕು. ಈ ಪ್ರದೇಶದ ವಾರ್ಷಿಕ ಮಳೆ ೫೫೦ರಿಂದ ೬೦೦ ಮಿಲಿಮೀಟರ್ ಮಾತ್ರ; ಆದರೂ ನಮ್ಮ ಒಂದು ಅಂಕಣದ ಮೇಲೆ ವರ್ಷಕ್ಕೆ ೩,೦೦೦ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮೂರನೆಯದು ಮಣ್ಣಿನ ಆಯ್ಕೆ. ಈ ಸೀಮೆಯಲ್ಲಿ ಎರೆಮಣ್ಣು ಬೇಕಾದಷ್ಟಿದ್ದರೂ ಬಲ್ಲವರು ಅದನ್ನು ಮಾಳಿಗೆಗೆ ಹಾಕುತ್ತಿರಲಿಲ್ಲ. ಎರೆಯ ಜೇಡಿ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಬಿರುಕುಗಳೇ ಮುಂದಿನ ಮಳೆಗೆ ದಾರಿ. ಅದರ ಬದಲು ಹಾಳೂರಿನ ದಿಬ್ಬಗಳ ಬೂದುಬಣ್ಣದ ಮಣ್ಣನ್ನೋ ಸವಳುಮಣ್ಣನ್ನೋ ಆರಿಸುತ್ತಿದ್ದರು. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮೊದಲ ಮಳೆಗೆ ಆ ಸೂಕ್ಷ್ಮಕಣಗಳು ರಂಧ್ರಗಳಲ್ಲಿ ಕುಳಿತು ಮುಂದಿನ ನೀರಿಗೆ ಬಾಗಿಲು ಮುಚ್ಚುತ್ತವೆ. ಬೆಳೆಗೆ ಕೆಟ್ಟದಾದ ಮಣ್ಣು ಮಾಳಿಗೆಗೆ ಒಳ್ಳೆಯದು!

ನೀರಿನೊಡನೆ ಕಾದಾಡದೆ ಅದಕ್ಕೆ ದಾರಿ ತೋರಿಸುವುದೇ ಜಾಣತನವೆಂಬುದನ್ನು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಕಣ್ಣಾರೆ ನೋಡಬಹುದು. ಅಲ್ಲಿನ ಲಾಡಖಾನ ಗುಡಿಯ ಮಾಡಿಗೆ ಚಪ್ಪಡಿಗಳನ್ನು ಓರೆಯಾಗಿ ಹೊದಿಸಿ, ಎರಡು ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಯನ್ನು ಕೂಡಿಸಿದ್ದಾರೆ. ಕಟ್ಟಿಗೆಯ ಮನೆಯ ಕೌಶಲವನ್ನು ಶಿಲ್ಪಿಗಳು ಕಲ್ಲಿಗೆ ಇಳಿಸಿದಂತಿದೆ.

ಸುಣ್ಣವೋ, ಸಿಮೆಂಟೋ?

ಈಗ ಗೋಡೆಗೆ ಬರೋಣ. ಹಳೆಯ ಗೋಡೆ ಉದುರತೊಡಗಿದಾಗ ‘ಗಟ್ಟಿಯಾಗಲಿ’ ಎಂದು ಸಿಮೆಂಟಿನ ಗಿಲಾವು ಮಾಡಿಸುವುದು ಸಾಮಾನ್ಯ. ಮೊದಲ ಎರಡು ಮೂರು ವರ್ಷ ಗೋಡೆ ಹೊಸದರಂತೆ ಹೊಳೆಯುತ್ತದೆ. ಅನಂತರ ಗಿಲಾವು ಉಬ್ಬಿ ಹಾಳೆ ಹಾಳೆಯಾಗಿ ಕಳಚುತ್ತದೆ. ಜೊತೆಯಲ್ಲಿ ಒಳಗಿನ ಮೃದುವಾದ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತದೆ.

ಕಾರಣ ಹೀಗಿದೆ. ಸೀಮೆಸುಣ್ಣದ ತುಂಡನ್ನು ಮಸಿಯಲ್ಲಿ ನಿಲ್ಲಿಸಿದರೆ ಮಸಿ ತಾನಾಗಿ ಮೇಲೇರುವುದನ್ನು ಎಲ್ಲರೂ ನೋಡಿದ್ದೇವೆ. ಇದೇ ಕೇಶಾಕರ್ಷಣೆ. ಸೆಂಟಿಮೀಟರಿನ ಸಾವಿರದ ಒಂದು ಪಾಲು ತ್ರಿಜ್ಯವುಳ್ಳ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಬಲ್ಲದು. ಗೋಡೆಯ ಕಲ್ಲು, ಮಣ್ಣು, ಗಾರೆಗಳಲ್ಲಿ ಇಂಥ ರಂಧ್ರಗಳು ಲೆಕ್ಕವಿಲ್ಲದಷ್ಟಿವೆ. ನೆಲದ ತೇವ ಏರುತ್ತಲೇ ಇರುತ್ತದೆ. ಸುಣ್ಣದ ಗಿಲಾವಿನ ಮೂಲಕ ಆವಿಯಾಗಿ ಹೋಗುತ್ತಲೇ ಇರುತ್ತದೆ. ಏರುವುದಕ್ಕೂ ಆರುವುದಕ್ಕೂ ಸರಿಹೋಗಿ ಗೋಡೆ ಬುಡದಲ್ಲಿ ಮಾತ್ರ ಸ್ವಲ್ಪ ನೆನೆದಿರುತ್ತದೆ. ಸಿಮೆಂಟಿನ ಗಿಲಾವು, ಅದರ ಮೇಲೆ ಎಣ್ಣೆಬಣ್ಣ ಬಂದೊಡನೆ ಆರುವ ದಾರಿ ಮುಚ್ಚಿತು. ನೀರು ಮತ್ತಷ್ಟು ಮೇಲೇರಿ ಬಾಗಿಲಿನ ಚೌಕಟ್ಟಿಗೆ ತಾಗುತ್ತದೆ. ಮಾಳಿಗೆಯಿಂದ ಸೋರಿದ ನೀರೂ ಹೊರಹೋಗಲಾರದೆ ತೊಲೆಯ ತುದಿಯಲ್ಲಿ ನಿಲ್ಲುತ್ತದೆ. ನೀರಿನೊಡನೆ ಬಂದ ಲವಣಗಳು ಗಿಲಾವಿನ ಹಿಂದೆಯೇ ಹರಳುಗಟ್ಟಿ, ಬೆಳೆಯುವ ಹರಳಿನ ಒತ್ತಡದಿಂದ ಕಲ್ಲನ್ನೇ ಪುಡಿಮಾಡುತ್ತವೆ. ಗಟ್ಟಿಯಾದ ಗಿಲಾವು ಉಳಿದು, ಅದು ಕಾಯಬೇಕಾದ ಗೋಡೆ ಸವೆಯಿತು. ಸವೆಯತಕ್ಕದ್ದಕ್ಕೂ ಬಾಳತಕ್ಕದ್ದಕ್ಕೂ ಸ್ಥಾನ ಬದಲಾದುದೇ ಅನರ್ಥಕ್ಕೆ ಮೂಲ.

ಸುಣ್ಣದ ಗಾರೆಯ ರಸಾಯನ ಸೊಗಸಾದುದು. ೧೦೦ ಕಿಲೋಗ್ರಾಂ ಶುದ್ಧ ಸುಣ್ಣದಕಲ್ಲನ್ನು ಸುಮಾರು ೯೦೦ ಡಿಗ್ರಿ ಉಷ್ಣತೆಯಲ್ಲಿ ಸುಟ್ಟರೆ ೪೪ ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ೫೬ ಕಿಲೋಗ್ರಾಂ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ, ಎತ್ತುಗಳು ಎಳೆಯುವ ಕಲ್ಲಿನ ಗಾಣದಲ್ಲಿ ನುಣ್ಣಗೆ ಅರೆದರೆ ಗಾರೆ ಸಿದ್ಧ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣದಕಲ್ಲಾಗುತ್ತದೆ. ಕೂದಲೆಳೆಯಷ್ಟು ಬಿರುಕುಗಳಲ್ಲಿ ಮಳೆನೀರು ಸುಣ್ಣವನ್ನು ಕರಗಿಸಿ ಒಯ್ದು ತುಂಬುವುದೂ ಉಂಟು. ಹಿಂದಿನವರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಬೆರೆಸುತ್ತಿದ್ದರು. ಸಕ್ಕರೆಯ ಅಂಶವಿದ್ದರೆ ನೀರಿನಲ್ಲಿ ಸುಣ್ಣ ಹೆಚ್ಚಾಗಿ ಕರಗುತ್ತದೆಂಬುದು ಪ್ರಯೋಗಸಿದ್ಧವಾದ ಮಾತು. ಸಿಮೆಂಟ್ ಒಂದೇ ದಿನದಲ್ಲಿ ಬಿಗಿಯುತ್ತದೆ. ಸುಣ್ಣಕ್ಕೆ ತಾಳ್ಮೆ ಬೇಕು. ಹೊಸ ಕಟ್ಟಡದಲ್ಲಿ ಸಿಮೆಂಟಿಗೆ ಅದರ ಸ್ಥಾನ ಉಂಟು. ಮೃದುವಾದ ಹಳೆಯ ಗೋಡೆಯ ಮೈಮೇಲೆ ಇಲ್ಲ.

ಗೋಡೆಯ ಈ ಗುಣದಿಂದ ಇಳಕಲ್ಲಿನ ನೇಕಾರರಿಗೆ ಇನ್ನೊಂದು ಉಪಕಾರವೂ ಇದೆ. ಅಲ್ಲಿ ಮನೆಯ ನೆಲದಲ್ಲಿಯೇ ಕುಣಿ ತೋಡಿ ಮಗ್ಗ ಹೂಡುವ ಪದ್ಧತಿಯಿದೆ. ಹತ್ತಿಯ ನೂಲು ತೀರ ಒಣಗಿದ ಗಾಳಿಯಲ್ಲಿ ಬೇಗ ಕಡಿಯುತ್ತದೆ. ಸ್ವಲ್ಪ ತೇವವಿದ್ದರೆ ಅದರ ಬಲ ಹೆಚ್ಚುತ್ತದೆ. ಮಣ್ಣು ಸುಣ್ಣಗಳ ಮನೆ ಗಾಳಿಯಲ್ಲಿ ತೇವ ಹೆಚ್ಚಾದಾಗ ಹೀರಿಕೊಂಡು, ಕಡಮೆಯಾದಾಗ ಬಿಟ್ಟುಕೊಡುತ್ತದೆ. ಅಂಥ ಕಡೆ ಮನೆಯೂ ನೇಕಾರನ ಸಲಕರಣೆಗಳಲ್ಲಿ ಒಂದು.

ಕಟ್ಟಿಗೆಯ ಕುಸುರಿ

ಮನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಬಡಿಗನ ಕೆಲಸ. ಅದರ ಶತ್ರು ಕಾಲವಲ್ಲ, ನೀರು. ಕಟ್ಟಿಗೆಯಲ್ಲಿನ ತೇವವು ಅದರ ಒಣತೂಕದ ಶೇಕಡಾ ೨೦ಕ್ಕಿಂತ ಕಡಮೆಯಿರುವವರೆಗೆ ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲಾರವು. ಆದುದರಿಂದ ಬಾಗಿಲನ್ನು ಕಾಯಬೇಕಾದವನು ಮೊದಲು ಮಾಳಿಗೆಯನ್ನು ನೋಡಬೇಕು. ಕೆತ್ತನೆಯ ಮೇಲೆ ದಪ್ಪ ಬಣ್ಣವನ್ನು ಪದರಪದರವಾಗಿ ಬಳಿದರೆ ಉಳಿಯ ಗೆರೆಗಳು ಹೂತುಹೋಗುತ್ತವೆ. ಆ ಬಣ್ಣ ತೆಗೆಯಲು ಕಾಸ್ಟಿಕ್ ಸೋಡ ಹಚ್ಚಿದರೆ ಕಟ್ಟಿಗೆಯ ನಾರೇ ಸಡಿಲವಾಗುತ್ತದೆ. ಯಂತ್ರದಿಂದ ಉಜ್ಜಿದರೆ ಹಕ್ಕಿಯ ಕೊಕ್ಕು, ಹೂವಿನ ಎಸಳು ಮಾಯವಾಗುತ್ತವೆ. ಮೃದುವಾದ ಕುಂಚದಿಂದ ಧೂಳು ತೆಗೆದು, ತೆಳ್ಳಗೆ ಅಗಸೆಎಣ್ಣೆ ಸವರಿ ಒರೆಸುವುದು ಸಾಕು. ಅಗಸೆಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ತೆಳುಪೊರೆಯಾಗಿ ಗಟ್ಟಿಗೊಳ್ಳುತ್ತದೆ.

ಹಳೆಯ ಬೆಸುಗೆಗಳಲ್ಲಿ ಕಬ್ಬಿಣದ ಮೊಳೆ ಕಡಮೆ. ಒಂದು ಮರದ ನಾಲಿಗೆಯನ್ನು ಇನ್ನೊಂದರ ತೂತಿನಲ್ಲಿ ಕೂಡಿಸಿ ಮರದ ಗೂಟ ಹೊಡೆದಿರುತ್ತಾರೆ. ಕಬ್ಬಿಣ ತುಕ್ಕು ಹಿಡಿದರೆ ಗಾತ್ರ ಎರಡು ಮೂರು ಪಟ್ಟಿಗೂ ಮಿಕ್ಕಿ ಹಿಗ್ಗಿ ಸುತ್ತಲಿನ ಮರವನ್ನೂ ಕಲ್ಲನ್ನೂ ಸೀಳುತ್ತದೆ. ಗೂಟದ ಬೆಸುಗೆಯನ್ನಾದರೋ ಬಿಚ್ಚಬಹುದು, ಕೆಟ್ಟ ತುಂಡನ್ನಷ್ಟೇ ಬದಲಿಸಬಹುದು, ಮತ್ತೆ ಕೂಡಿಸಬಹುದು.

ಬಿಚ್ಚಬಹುದಾದ ಈ ಗುಣದ ಬೆಲೆ ತಿಳಿದದ್ದು ಬಾಗಲಕೋಟೆ ಮುಳುಗಡೆಯಾದಾಗ. ೧೯೬೪ರ ಮೇ ತಿಂಗಳಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಮೇಲೆದ್ದಂತೆ, ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ತಗ್ಗು ಭಾಗಗಳಿಗೆ ಬಂದಿತು. ಜನ ನವನಗರಕ್ಕೆ ಹೋದರು. ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿ ಹೊಸ ಮನೆಗೆ ಒಯ್ದವರುಂಟು. ಇಡಲು ಜಾಗವಿಲ್ಲದೆ ಮಾರಿದವರುಂಟು. ಗೋಡೆಯನ್ನು, ಮಾಳಿಗೆಯನ್ನು, ಓಣಿಯ ನೆರಳನ್ನು ಒಯ್ಯಲು ಯಾರಿಂದಲೂ ಆಗಲಿಲ್ಲ. ಜಲಾಶಯದ ಮಟ್ಟ ಇಂದು ೫೧೯.೬ ಮೀಟರ್, ೨೦೧೦ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ೫೨೪.೨೫೬ ಮೀಟರಿಗೆ ಸಮ್ಮತಿಸಿತು. ನೀರು ಹೊಲಗಳಿಗೆ ಬೇಕು, ನಿಜ. ಆದರೆ ಬಿಟ್ಟು ಹೋಗಬೇಕಾದ ಮನೆಯ ನಕ್ಷೆಯನ್ನೂ ಬೆಸುಗೆಗಳ ಅಳತೆಯನ್ನೂ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಬಾದಾಮಿಯ ಸ್ಥಿತಿ ಬೇರೆ. ಅಲ್ಲಿ ಹಳೆಯ ಮನೆಗಳ ಮಗ್ಗುಲಲ್ಲಿಯೇ ಸಂರಕ್ಷಿತ ಸ್ಮಾರಕಗಳಿವೆ. ೨೦೧೦ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರಿನೊಳಗೆ ಮನೆಯವರು ಹೊಸ ಕಟ್ಟಡ ಕಟ್ಟುವಂತಿಲ್ಲ; ಇದ್ದುದನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಅಲ್ಲಿ ವಾಸಿಸುವ ಕುಟುಂಬಗಳಿಗೆ ದುರಸ್ತಿಯ ವಿದ್ಯೆಯೇ ಗತಿ.

ತರುಣರು ಮಾಡಬಹುದಾದ ಪರೀಕ್ಷೆಗಳು

ಹಳೆಯ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳು ಕೆಲವು ಪರೀಕ್ಷೆಗಳನ್ನು ತಾವೇ ಮಾಡಬಹುದು. ಉದುರಿದ ಗಾರೆಯ ಚೂರನ್ನು ನೀರಿನಲ್ಲಿ ಹಾಕಿರಿ: ಕದಡಿಹೋದರೆ ಅದು ಮಣ್ಣಿನದು, ಕದಡದೆ, ಲಿಂಬೆರಸಕ್ಕೆ ಗುಳ್ಳೆಯೆಬ್ಬಿಸಿದರೆ ಬಹುಶಃ ಸುಣ್ಣದ್ದು. ದುರಸ್ತಿಯ ಗಾರೆ ಅದೇ ಜಾತಿಯದಾಗಿರಬೇಕು. ತೊಲೆಯನ್ನು ಉದ್ದಕ್ಕೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿರಿ: ಗಟ್ಟಿಮರದ ದನಿ ಖಣಿಯಾಗಿಯೂ ಟೊಳ್ಳಿನ ದನಿ ಮಂದವಾಗಿಯೂ ಇರುತ್ತದೆ. ತೊಲೆಯ ಎರಡು ತುದಿಗಳಿಗೆ ದಾರ ಬಿಗಿದು ನಡುವಿನ ಬಾಗನ್ನು ಅಳೆದು, ದಿನಾಂಕದೊಡನೆ ಬರೆದಿಡಿರಿ. ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಾರೆಯಿಂದ ಅಂಟಿಸಿರಿ: ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಬಾಗು ವರ್ಷಕ್ಕಿಂತ ವರ್ಷಕ್ಕೆ ಹೆಚ್ಚುತ್ತಿದ್ದರೆ, ಗಾಜು ಒಡೆದರೆ, ಮಳೆಗಾಲದಲ್ಲಿ ಆ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ಅನುಭವವುಳ್ಳ ಇಂಜಿನಿಯರನ್ನು ಕರೆಸಬೇಕು.

ತೊಲೆಗಳು ಉಳಿಸಲಾರದಷ್ಟು ಕೆಟ್ಟಿದ್ದರೆ ಕಾಂಕ್ರೀಟು ಚಪ್ಪಡಿ ಅನಿವಾರ್ಯವಾಗಬಹುದು. ಆಗಲೂ ಒಂದು ಎಚ್ಚರಿಕೆ ಬೇಕು. ೧೦ ಮೀಟರ್ ಉದ್ದದ ಚಪ್ಪಡಿಯ ಉಷ್ಣತೆ ೩೦ ಡಿಗ್ರಿ ಏರಿದರೆ ಅದು ಸುಮಾರು ೩ ಮಿಲಿಮೀಟರ್ ಹಿಗ್ಗುತ್ತದೆ. ದಿನವೂ ಹಿಗ್ಗಿ ಕುಗ್ಗುವ ಚಪ್ಪಡಿಯನ್ನು ಮಣ್ಣಿನ ಗಾರೆಯ ಗೋಡೆಗೆ ಬಿಗಿಯಾಗಿ ಕಚ್ಚಿಸಿದರೆ ಮೂಲೆಗಳು ಸೀಳುತ್ತವೆ. ನಡುವೆ ಜಾರುವುದಕ್ಕೆ ಅವಕಾಶವಿರಬೇಕು.

ವರ್ಷಕ್ಕೊಮ್ಮೆ ಮಣ್ಣು ಕೆರೆಯುವುದು, ದೋಣಿ ಶುದ್ಧಮಾಡುವುದು, ಸುಣ್ಣ ಬಳಿಯುವುದು ಇವೆಲ್ಲ ಬೇಸರದ ಕೆಲಸಗಳೆಂಬುದು ಸುಳ್ಳಲ್ಲ. ಶಾಶ್ವತವಾದ ಒಂದು ಲೇಪ ಬಳಿದು ನಿಶ್ಚಿಂತರಾಗಬೇಕೆಂಬ ಆಸೆ ಸಹಜ. ಆದರೆ ಬಳ್ಳಿ ಹೂಗಳ ಆ ಚೌಕಟ್ಟು ಇಷ್ಟು ಕಾಲ ಉಳಿದದ್ದು ಅದು ತಾನೇ ಗಟ್ಟಿಯಾಗಿದ್ದುದರಿಂದ ಮಾತ್ರವಲ್ಲ. ಅದರ ಮೇಲಿನ ಮಣ್ಣೂ ಪಕ್ಕದ ಸುಣ್ಣವೂ ವರ್ಷವರ್ಷವೂ ಸವೆದುದರಿಂದ, ಸವೆದುದನ್ನು ಯಾರೋ ಮಳೆಗಾಲಕ್ಕೆ ಮುಂಚೆ ತುಂಬುತ್ತಿದ್ದುದರಿಂದ. ಈ ವರ್ಷ ಆ ಕೆಲಸ ಯಾರದೆಂಬುದನ್ನು ಮುಂಗಾರಿಗೆ ಮೊದಲೇ ಮನೆಯವರೆಲ್ಲ ಕುಳಿತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.